ಕಾಸರಗೋಡಿನಲ್ಲಿ ಜೀನಸಂಗಡಿಗೆ ಬಿಯರ್, ವೈನ್ ಮಾರುವ ಪರ್ಮಿಟ್ ಸಿಗುತ್ತದಾ?

ಬದಿಯಡ್ಕದ ಹತ್ತಿರ ಅಪ್ಪ ನಡೆಸುತ್ತಿದ್ದ ಜೀನಸಂಗಡಿ ಈಗ ನಿಮ್ಮ ಕೈಗೆ ಬಂದಿದೆ. ವ್ಯಾಪಾರ ಇಳಿದಿದೆ. ವಿಟ್ಲದಲ್ಲಿರುವ ನಿಮ್ಮ ಭಾವ "ಬಿಯರ್, ವೈನ್ ಇಡು, ಪಂಚಾಯತಿನಿಂದ ಪರ್ಮಿಟ್ ಸಿಗುತ್ತದೆ" ಎನ್ನುತ್ತಾರೆ. 40 ಸಾವಿರ ಕೊಟ್ಟರೆ ಮೂರು ತಿಂಗಳಲ್ಲಿ ಮಾಡಿಸಿಕೊಡುತ್ತೇನೆ ಅಂತ ಒಬ್ಬರು ಮನೆಗೂ ಬಂದು ಹೋಗಿದ್ದಾರೆ. ಕೊಡಬಹುದಾ ಅಂತ ಕೇಳಿದ್ದೀರಿ.

ಕೊಡಬೇಡಿ. ಮುಂಗಡ ಅಂತ ನೂರು ರೂಪಾಯಿ ಕೂಡ ಕೊಡಬೇಡಿ. ಕೇರಳದಲ್ಲಿ ಜೀನಸಂಗಡಿಗೆ, ಬೇಕರಿಗೆ, ಸೂಪರ್ ಮಾರ್ಕೆಟಿಗೆ ಮದ್ಯ ಮಾರಲು ಕೊಡುವ ಲೈಸನ್ಸ್ ಅಂತ ಒಂದು ಇಲ್ಲವೇ ಇಲ್ಲ. ಇಲ್ಲದ್ದನ್ನು ಯಾರೂ ಮಾಡಿಸಿಕೊಡಲಿಕ್ಕೆ ಸಾಧ್ಯವಿಲ್ಲ.

ಇಷ್ಟು ಖಡಾಖಂಡಿತವಾಗಿ ಹೇಳಲು ಕಾರಣ ಉಂಟು. ನಾನು ಪೆರ್ಲದ ಕಡೆ ಹತ್ತೊಂಬತ್ತು ವರ್ಷದಿಂದ ಅಂಗಡಿ ಇಟ್ಟುಕೊಂಡವನು. ಏಳೆಂಟು ವರ್ಷದ ಹಿಂದೆ ನಾನೂ ನಿಮ್ಮ ಹಾಗೆಯೇ ಇದ್ದೆ. ಪೇಟೆಯಲ್ಲಿ ದೊಡ್ಡ ಮಾರ್ಕೆಟ್ ಬಂತು, ತಿಂಗಳ ಸಾಮಾನು ಕೊಳ್ಳುವವರೆಲ್ಲ ಅಲ್ಲಿಗೆ ಹೋದರು, ನನ್ನ ಹತ್ತಿರ ಉಳಿದದ್ದು ಕಡ ಹೇಳುವವರು ಮಾತ್ರ. ಆಗ ಒಬ್ಬ ಮಧ್ಯವರ್ತಿ ಬಂದು ಬಿಯರ್ ಲೈಸನ್ಸ್ ಮಾಡಿಸುತ್ತೇನೆ ಅಂದ. ಎರಡು ಕಂತಿನಲ್ಲಿ 18 ಸಾವಿರ ತೆಗೆದುಕೊಂಡ. ಎರಡು ತಿಂಗಳಾದ ಮೇಲೆ ಸೀಲು, ಸಹಿ ಎಲ್ಲ ಇದ್ದ ಒಂದು ಮಲಯಾಳ ಕಾಗದ ತಂದುಕೊಟ್ಟ. ನಾನು ಕನ್ನಡ ಮೀಡಿಯಂನಲ್ಲಿ ಕಲಿತವನು. ಮಲಯಾಳ ಮಾತಾಡುತ್ತೇನೆ, ಓದಲಿಕ್ಕೆ ತಡವರಿಸುತ್ತೇನೆ. ನಮ್ಮ ಊರಿನಲ್ಲಿ ಹೀಗಿರುವವರು ಎಷ್ಟು ಜನ ಎಂದು ನಿಮಗೆ ಗೊತ್ತು. ಪಕ್ಕದ ಮನೆಯ ಮಾಷ್ಟ್ರಿಗೆ ತೋರಿಸಿದೆ. ಅವರು ಕನ್ನಡಕ ಹಾಕಿಕೊಂಡು ಕೊನೆಯವರೆಗೆ ಓದಿ, "ಇದು ಪಂಚಾಯತಿನ ವ್ಯಾಪಾರದ ಲೈಸನ್ಸ್, ಸೋಡಾ, ಜ್ಯೂಸು, ತಂಪು ಪಾನೀಯ ಅಂತ ಉಂಟು. ಮದ್ಯದ ಹೆಸರೇ ಇಲ್ಲ" ಅಂದರು. ಆ ಕಾಗದ ನಂಬಿ ನಾನು ಎರಡು ಕೇಸು ಬಿಯರ್ ತಂದಿಟ್ಟಿದ್ದರೆ ಏನಾಗುತ್ತಿತ್ತು ಎಂಬುದನ್ನು ಮುಂದೆ ಹೇಳುತ್ತೇನೆ.

ಮೊದಲು ಪಂಚಾಯತಿನ ವಿಷಯ. ಪಂಚಾಯತು ಕೊಡುವುದು ಅಂಗಡಿ ನಡೆಸುವ ಅನುಮತಿ ಮಾತ್ರ. ಮದ್ಯ ಮಾರುವ ಹಕ್ಕು ಕೊಡುವ ಅಧಿಕಾರ ಅದಕ್ಕಿಲ್ಲ. ಮದ್ಯದಂಗಡಿ ಬರುವುದು ಬೇಡ ಎನ್ನುವ ಮಾತಿಗೆ ಹಿಂದೆ ಸ್ಥಳೀಯ ಸಂಸ್ಥೆಗಳ ಕೈಯಲ್ಲಿ ಸ್ವಲ್ಪ ಬಲ ಇತ್ತು, 2017ರಲ್ಲಿ ಸರಕಾರ ಸುಗ್ರೀವಾಜ್ಞೆ ತಂದು ಅದನ್ನೂ ಕಡಿಮೆ ಮಾಡಿತು. ಮದ್ಯಕ್ಕೆ ಸಂಬಂಧಿಸಿದ್ದೆಲ್ಲ ಎಕ್ಸೈಸ್ ಇಲಾಖೆಯದ್ದು. ಅದಕ್ಕೆ ಆಧಾರ ಕೇರಳದ ಅಬ್ಕಾರಿ ಕಾಯಿದೆ. ಅದನ್ನು '1077ರ 1ನೇ ಕಾಯಿದೆ' ಎಂದು ಬರೆಯುತ್ತಾರೆ, ನೋಡಿದವರು ಅಚ್ಚಿನ ತಪ್ಪು ಅಂದುಕೊಳ್ಳುತ್ತಾರೆ. ಅದು ಮಲಯಾಳದವರ ಪಂಚಾಂಗದ ಕೊಲ್ಲಂ ವರ್ಷ, ನಮ್ಮ ಲೆಕ್ಕದಲ್ಲಿ 1902. ಕೊಚ್ಚಿ ರಾಜ್ಯದಲ್ಲಿ ಹುಟ್ಟಿದ ಕಾಯಿದೆ ಅದು. 1956ರ ನವೆಂಬರ್ 1ರ ವರೆಗೆ ದಕ್ಷಿಣ ಕನ್ನಡ ಜಿಲ್ಲೆಯ ತಾಲೂಕಾಗಿದ್ದ ನಮ್ಮ ಕಾಸರಗೋಡಿಗೆ ಮದ್ರಾಸಿನ ಪಾನನಿರೋಧ ಇತ್ತು. ಕೊಚ್ಚಿಯ ಕಾಯಿದೆ ಕೇರಳಕ್ಕೆಲ್ಲ ಅನ್ವಯವಾದದ್ದು 1967ರಲ್ಲಿ.

ಹಾಗಾದರೆ ಕೇರಳದಲ್ಲಿ ಮದ್ಯ ಯಾರು ಮಾರಬಹುದು? ಬಾಟಲಿ ಕೊಟ್ಟು ಕಳಿಸುವ ಚಿಲ್ಲರೆ ಅಂಗಡಿಗೆ ಎಫ್‌ಎಲ್-1 ಅನ್ನುತ್ತಾರೆ. ಅದು ಸರಕಾರದ ಬಿವರೇಜಸ್ ಕಾರ್ಪೊರೇಷನ್ ಮತ್ತು ಸಹಕಾರಿ ಸಂಸ್ಥೆಯಾದ ಕನ್ಸ್ಯೂಮರ್‌ಫೆಡ್ ಕೈಯಲ್ಲಿ ಉಂಟು. ಕಾರ್ಪೊರೇಷನ್ ಹುಟ್ಟಿದ್ದು 1984ರಲ್ಲಿ, ನಮ್ಮ ಜಿಲ್ಲೆ ಹುಟ್ಟಿದ ವರ್ಷವೇ. ಖಾಸಗಿಯವರಿಗೆ ಈ ಚಿಲ್ಲರೆ ಅಂಗಡಿ ಕೊಡುವ ಪದ್ಧತಿ ಇಲ್ಲ. ಖಾಸಗಿಯವರಿಗೆ ಸಿಗುವುದು ಬಾರು, ಅದು ಎಫ್‌ಎಲ್-3. ಅದಕ್ಕೆ ಕಡಿಮೆಯೆಂದರೆ ಮೂರು ಸ್ಟಾರಿನ ಹೋಟೆಲು ಬೇಕು. 2023-24ರ ಅಬ್ಕಾರಿ ನೀತಿಯಲ್ಲಿ ಅದರ ವಾರ್ಷಿಕ ಶುಲ್ಕವೇ 30 ಲಕ್ಷದಿಂದ 35 ಲಕ್ಷಕ್ಕೆ ಏರಿತು. ಬಿಯರ್ ಮತ್ತು ವೈನ್ ಪಾರ್ಲರ್ ಎನ್ನುವುದು ಎಫ್‌ಎಲ್-11. ಹೆಸರು ಕೇಳಿ ಮೋಸ ಹೋಗುವುದು ಇಲ್ಲಿಯೇ. ಅದೂ ಕೂತು ಕುಡಿಯುವ ಹೋಟೆಲಿನದ್ದು, ಅಕ್ಕಿ ಬೇಳೆ ಮಾರುವ ಅಂಗಡಿಯದ್ದಲ್ಲ. ನನಗೆ ಬಂದ ಮಧ್ಯವರ್ತಿ ಬಾಯಲ್ಲಿ ಇದೇ ಎಫ್‌ಎಲ್-11 ಅನ್ನುವ ಮಾತು ಇತ್ತು. ನಿಮ್ಮವರೂ ಅದನ್ನೇ ಹೇಳಿರಬಹುದು.

ಇನ್ನು ಕಳ್ಳು. ಹಳಬರು ಗಡಂಗು ಎನ್ನುವ ಶೇಂದಿ ಅಂಗಡಿಗಳನ್ನು ಇಲಾಖೆ ಗುಂಪು ಕಟ್ಟಿ ವಿಲೇವಾರಿ ಮಾಡುತ್ತದೆ. ಕಳ್ಳು ಇಳಿಸುವ ನೋಂದಾಯಿತ ಮೂರ್ತೆಯವರು ಬೇಕು, ಕ್ಷೇಮನಿಧಿ ಕಟ್ಟಬೇಕು, ಶಾಲೆ, ದೇವಸ್ಥಾನ, ಮಸೀದಿ, ಇಗರ್ಜಿಗಳಿಂದ 400 ಮೀಟರ್ ದೂರ ಇರಬೇಕು. ಜೀನಸಂಗಡಿಯ ಪಕ್ಕದ ಕೋಣೆಯಲ್ಲಿ ತೆರೆಯುವ ವ್ಯಾಪಾರ ಅದಲ್ಲ. ಸಾರಾಯಿಯಂತೂ 1996ರ ಏಪ್ರಿಲ್ 1ರಿಂದ ಕೇರಳದಲ್ಲಿ ನಿಷೇಧ.

ನಿಮ್ಮ ಭಾವ ಸುಳ್ಳು ಹೇಳಿದ್ದಾರೆ ಅಂತ ನಾನು ಹೇಳುವುದಿಲ್ಲ. ಅವರ ಕಣ್ಣಿಗೆ ಕಾಣುವುದು ಬೇರೆ. ತಲಪಾಡಿ ದಾಟಿದ ಕೂಡಲೇ, ಅಡ್ಯನಡ್ಕ, ವಿಟ್ಲ ಕಡೆ ಹೋದರೆ ಖಾಸಗಿ ವೈನ್ ಶಾಪುಗಳಿವೆ. ಅಲ್ಲಿ ನಡೆಯುವುದು 1965ರ ಕರ್ನಾಟಕ ಅಬಕಾರಿ ಕಾಯಿದೆ. ಅಲ್ಲಿಯ ವೈನ್ ಶಾಪಿನ ಸನ್ನದಿಗೆ, ಅಂದರೆ ಲೈಸನ್ಸಿಗೆ, ಸಿಎಲ್-2 ಎನ್ನುತ್ತಾರೆ. ಹೊಸ ಸಿಎಲ್-2 ಕೊಡುವುದನ್ನು ಅಲ್ಲಿಯೂ ದಶಕಗಳ ಕಾಲ ನಿಲ್ಲಿಸಿದ್ದರು. ಆದ್ದರಿಂದ ಹಳೆಯ ಸನ್ನದಿಗೆ ಕೋಟಿಯ ಮಾತು ಬಂತು. ಅಲ್ಲಿಯೂ ಸಣ್ಣ ಕಿರಾಣಿ ಅಂಗಡಿಯವರು ಪ್ಯಾಕೆಟ್ ಇಟ್ಟು ಮಾರುವುದು ಅಪರಾಧವೇ, ನಡೆಯುತ್ತಿದೆ ಎಂಬುದು ಬೇರೆ ಮಾತು. ಸೂಪರ್ ಮಾರ್ಕೆಟಿನಲ್ಲಿ ವೈನ್ ಎನ್ನುವ ಸುದ್ದಿಯನ್ನೂ ಕೆಲವರು ಹಿಡಿದುಕೊಂಡಿದ್ದಾರೆ. ಅದು ಮಹಾರಾಷ್ಟ್ರದ್ದು. 2022ರ ಜನವರಿಯಲ್ಲಿ ಅಲ್ಲಿಯ ಸಚಿವ ಸಂಪುಟ 100 ಚದರ ಮೀಟರಿಗಿಂತ ದೊಡ್ಡ ಮಳಿಗೆಗಳಲ್ಲಿ ವೈನ್ ಮಾರಬಹುದು ಎಂದು ತೀರ್ಮಾನಿಸಿತು. ವಿರೋಧ ಬಂತು, ಜಾರಿಗೆ ಬರಲಿಲ್ಲ. ನಮಗೂ ಅದಕ್ಕೂ ಸಂಬಂಧವೇ ಇಲ್ಲ.

ಈಗ ನನಗೆ ನಿಜವಾಗಿ ಹೆದರಿಕೆ ಇರುವ ಸಂಗತಿ. ಲೈಸನ್ಸ್ ಸಿಗುವುದಿಲ್ಲ ಎಂದು ಗೊತ್ತಾದ ಮೇಲೆ ಇಂಥವರು ಸುಮ್ಮನೆ ಹೋಗುವುದಿಲ್ಲ. "ಲೈಸನ್ಸ್ ಬರುವ ವರೆಗೆ ಸ್ವಲ್ಪ ಇಟ್ಟುಕೊಳ್ಳಿ" ಎನ್ನುತ್ತಾರೆ. ಆಚೆ ಬದಿಯ, ಅಂದರೆ ಕರ್ನಾಟಕದ ಮದ್ಯದ, 180 ಮಿಲಿಯ ಪ್ಯಾಕೆಟ್‌ಗಳನ್ನು ಜ್ಯೂಸಿನ ರಟ್ಟಿನ ಪೆಟ್ಟಿಗೆಯಲ್ಲಿ ತಂದು ಕೊಡುತ್ತಾರೆ. ಹುಡುಗರು ಅದನ್ನು ಫ್ರೂಟಿ ಎನ್ನುತ್ತಾರೆ, ನೋಡಲಿಕ್ಕೂ ಹಾಗೆಯೇ. ಒಂದಕ್ಕೆ ಇಷ್ಟು ಲಾಭ ಅಂತ ಲೆಕ್ಕ ತೋರಿಸುತ್ತಾರೆ. ನನ್ನ ಅಂಗಡಿಯಿಂದ ಸ್ವಲ್ಪ ಆಚೆ ಒಬ್ಬರಿದ್ದರು, ಒಳ್ಳೆಯ ಮನುಷ್ಯ, ಮಗಳ ಮದುವೆಯ ಸಾಲ ಇತ್ತು. ಬೆಳ್ತಿಗೆ ಅಕ್ಕಿಯ ಮೂಟೆಯ ಹಿಂದೆ ಇಟ್ಟುಕೊಂಡರು. ನಾಲ್ಕು ತಿಂಗಳು ನಡೆಯಿತು. ಒಂದು ದಿನ ಎಕ್ಸೈಸಿನವರ ಜೀಪು ಬಂತು, ಮಹಜರು ಬರೆದರು, ಅವರನ್ನು ಕರೆದುಕೊಂಡು ಹೋದರು. ತಂದುಕೊಟ್ಟವನ ಹೆಸರು ಯಾರಿಗೂ ಸರಿಯಾಗಿ ಗೊತ್ತಿರಲಿಲ್ಲ. ರಿಮಾಂಡ್, ಜಾಮೀನು, ವಕೀಲರು, ಕಾಸರಗೋಡಿನ ಕೋರ್ಟಿಗೆ ತಿರುಗಾಟ, ಹೀಗೆ ವರ್ಷಗಳು ಹೋದವು. ಆ ಅಂಗಡಿಯ ಶಟರು ಮತ್ತೆ ಏಳಲಿಲ್ಲ. ಅವರ ಹೆಂಡತಿ ಈಗ ಬೀಡಿ ಕಟ್ಟುತ್ತಾರೆ. ಅವರನ್ನು ದಾರಿಯಲ್ಲಿ ಕಂಡಾಗಲೆಲ್ಲ, ಅದು ನಾನಾಗಬಹುದಿತ್ತು ಎಂದು ಹೊಟ್ಟೆಯಲ್ಲಿ ಸಂಕಟವಾಗುತ್ತದೆ.

ಕಾಯಿದೆ ಎಷ್ಟು ಕಠಿಣ ಎಂದು ತಿಳಿದುಕೊಳ್ಳಿ. ಲೈಸನ್ಸ್ ಇಲ್ಲದೆ ಮಾರುವುದು, ಮಾರಲಿಕ್ಕೆ ಇಟ್ಟುಕೊಳ್ಳುವುದು, ಹೊರಗಿನಿಂದ ತರುವುದು ಇವೆಲ್ಲ 55ನೇ ಕಲಮಿಗೆ ಬರುತ್ತವೆ. 10 ವರ್ಷದ ವರೆಗೆ ಜೈಲು, ಒಂದು ಲಕ್ಷಕ್ಕೆ ಕಡಿಮೆಯಿಲ್ಲದ ದಂಡ. ಜಾಮೀನು ಸುಲಭದಲ್ಲಿ ಸಿಗುವ ಕೇಸಲ್ಲ. ಸಾಗಿಸಿದ ವಾಹನವೂ ಹೋಗುತ್ತದೆ. "ಮನೆಗೆ ಅಂತ ಇಟ್ಟುಕೊಂಡದ್ದು" ಎನ್ನುವ ಮಾತೂ ನಿಲ್ಲುವುದಿಲ್ಲ. ಕೇರಳದ ಅಂಗಡಿಯಿಂದ ಕೊಂಡದ್ದಾದರೆ ಒಬ್ಬರು 3 ಲೀಟರ್ ವರೆಗೆ ಭಾರತದಲ್ಲಿ ತಯಾರಾದ ವಿದೇಶಿ ಮದ್ಯ, 3.5 ಲೀಟರ್ ಬಿಯರ್ ಇಟ್ಟುಕೊಳ್ಳಬಹುದು. ಅದು ಕುಡಿಯುವವನ ಸ್ವಂತಕ್ಕೆ. ಕರ್ನಾಟಕದಲ್ಲಿ ಮಾತ್ರ ಮಾರಾಟಕ್ಕೆ ಎಂದು ಅಚ್ಚಾಗಿರುವ ಪ್ಯಾಕೆಟ್ಟಿಗೆ ಈ ಅಳತೆಯ ರಕ್ಷಣೆ ಸಿಗುತ್ತದೆ ಎಂದು ನಂಬಿಕೊಳ್ಳಬೇಡಿ. ಇನ್ನೊಂದು ವಿಷಯ, ನಿಮ್ಮ ಕೈಯಲ್ಲಿ ಅಕ್ರಮ ಮದ್ಯ ಸಿಕ್ಕಿದರೆ ನೀವು ತಪ್ಪು ಮಾಡಿದ್ದೀರಿ ಎಂದೇ ಕೋರ್ಟು ಮೊದಲು ಎಣಿಸಬಹುದು, ಅಲ್ಲ ಎಂದು ತೋರಿಸುವ ಭಾರ ನಿಮ್ಮ ಮೇಲೆ ಬೀಳುತ್ತದೆ. ಆದ್ದರಿಂದ ಯಾರ ಪೆಟ್ಟಿಗೆಯನ್ನೂ "ಸಂಜೆ ಬಂದು ತೆಗೆದುಕೊಳ್ಳುತ್ತೇನೆ" ಅಂದರೆ ಬಿಚ್ಚಿ ನೋಡದೆ ಒಳಗೆ ಇಡಬೇಡಿ.

ಕಾಯಿದೆಯನ್ನು ಬದಿಗಿಟ್ಟು ಒಂದು ಮಾತು ಹೇಳುತ್ತೇನೆ. ನಮ್ಮಂಥ ಅಂಗಡಿಗೆ ಪೆನ್ಸಿಲ್ ಕೊಳ್ಳಲಿಕ್ಕೆ ಮಕ್ಕಳು ಬರುತ್ತಾರೆ, ಉಪ್ಪು ಮೆಣಸಿಗೆ ಹೆಂಗಸರು ಬರುತ್ತಾರೆ. ಕಡದ ಪುಸ್ತಕದಲ್ಲಿ ಎಲ್ಲರ ಮನೆಯ ಹೆಸರು ಉಂಟು. ಕೂಲಿ ಮುಗಿಸಿ ಬರುವವನು ಶನಿವಾರ ತಂದುಕೊಡುವ ಹಣ ಅಕ್ಕಿಯದ್ದು. ಅದೇ ಗಲ್ಲದಲ್ಲಿ ಪ್ಯಾಕೆಟ್ಟೂ ಇದ್ದರೆ ಆ ಹಣ ಮೊದಲು ಯಾವುದಕ್ಕೆ ಹೋಗುತ್ತದೆ ಎಂದು ನಿಮಗೂ ಗೊತ್ತು, ನನಗೂ ಗೊತ್ತು. ಅಕ್ಕಿ ಕೊಟ್ಟ ಕಡ ಕೇಳುವಾಗ ಆ ಮನೆಯ ಹೆಂಗಸಿನ ಮುಖ ನೋಡಲಿಕ್ಕೆ ಆಗಬೇಕಲ್ಲ.

ವ್ಯಾಪಾರ ಇಳಿದದ್ದಕ್ಕೆ ಬೇರೆ ದಾರಿ ಇಲ್ಲವೇ ಅಂದರೆ, ನಾನು ಮಾಡಿದ್ದನ್ನು ಹೇಳುತ್ತೇನೆ. ತೋಟದ ಕೆಲಸದವರು ಬರುವ ಹೊತ್ತಿಗೆ, ಬೆಳಿಗ್ಗೆ ಆರಕ್ಕೇ ಬಾಗಿಲು ತೆಗೆದೆ. ಹಾಲು, ಅವಲಕ್ಕಿ, ಗೋಳಿಬಜೆ, ಚಹಾ. ಅಡಿಕೆ ತೋಟದ ಸಾಮಾನು, ಹಗ್ಗ, ಹಾಳೆಯ ತಟ್ಟೆ ಇಟ್ಟೆ. ಮನೆಯವಳು ಮಾಡಿದ ಹಪ್ಪಳ, ಉಪ್ಪಿನಕಾಯಿ ಚೆನ್ನಾಗಿ ಹೋಗುತ್ತದೆ. ಗಿರಾಕಿಗಳು ಮಾಲ್ಟಿನ ಪಾನೀಯ ಕೇಳಿದರೆ ಆಲ್ಕೋಹಾಲ್ ಇಲ್ಲ, 0.0 ಎಂದು ಲೇಬಲಿನಲ್ಲಿ ಇರುವುದನ್ನು ಮಾತ್ರ ಬಿಲ್ಲಿನ ಸಮೇತ ತರಿಸುತ್ತೇನೆ. ಆಹಾರ ಸುರಕ್ಷತಾ ನಿಯಮದಲ್ಲಿ 0.5 ಶೇಕಡಕ್ಕಿಂತ ಹೆಚ್ಚಿದ್ದರೆ ಅದು ಮದ್ಯದ ಲೆಕ್ಕ. ಕಾಸರಗೋಡಿನ ಕೇಂದ್ರ ತೋಟದ ಬೆಳೆಗಳ ಸಂಶೋಧನಾ ಸಂಸ್ಥೆ, ಸಿಪಿಸಿಆರ್‌ಐಯವರು ತೆಂಗಿನ ಹೊಂಬಾಳೆಯ ರಸವನ್ನು ಹುಳಿಯಾಗದ ಹಾಗೆ ತಣ್ಣಗೆ ಇಳಿಸುವ ವಿಧಾನ ಮಾಡಿ ಕಲ್ಪರಸ ಎಂದು ಹೆಸರಿಟ್ಟಿದ್ದಾರೆ. ಅದರಿಂದ ಮಾಡಿದ ಸಕ್ಕರೆಗೆ ಬೇಡಿಕೆ ಉಂಟು. ನಿಮ್ಮ ಕಡೆ ತೆಂಗಿನ ತೋಟ ಇರುವುದರಿಂದ ಒಮ್ಮೆ ಅಲ್ಲಿಗೆ ಹೋಗಿ ಕೇಳುವುದು ನಷ್ಟವಲ್ಲ. ರಸ ಇಳಿಸಲಿಕ್ಕೆ ಮಾತ್ರ ಅನುಮತಿ ಬೇಕು, ಸ್ವಂತವಾಗಿ ಶುರು ಮಾಡಬೇಡಿ. ರಸ್ತೆ ಬದಿಯಲ್ಲಿ ನಿಮ್ಮದು ದೊಡ್ಡ ಕಟ್ಟಡವಾದರೆ ಬಿವರೇಜಸ್ ಕಾರ್ಪೊರೇಷನ್ ಖಾಸಗಿ ಕಟ್ಟಡ ಬಾಡಿಗೆಗೆ ಹಿಡಿಯುವುದು ಉಂಟು, ಬಾಡಿಗೆ ಕಾನೂನಿನ ಪ್ರಕಾರವೇ ಸಿಗುತ್ತದೆ. ನಾನಾದರೆ ಶಾಲೆಯ ದಾರಿಯಲ್ಲಿ ಅದನ್ನೂ ಮಾಡುವುದಿಲ್ಲ. ನಿಮ್ಮ ಇಷ್ಟ.

ನನ್ನ ಮಾತನ್ನೇ ನಂಬಿ ಅಂತ ಹೇಳುವುದಿಲ್ಲ. ಬರವಣಿಗೆಯಲ್ಲಿ ಕೇಳಿ, ಅದೂ ಕನ್ನಡದಲ್ಲಿಯೇ ಕೇಳಿ. 1969ರ ಕೇರಳ ಅಧಿಕೃತ ಭಾಷಾ ಕಾಯಿದೆಯಲ್ಲಿ, ಭಾಷಾ ಅಲ್ಪಸಂಖ್ಯಾತ ಪ್ರದೇಶ ಎಂದು ಘೋಷಿಸಿದ ಕಡೆಯ ಸರಕಾರಿ ಕಚೇರಿಗಳಿಗೆ ನಾವು ಕನ್ನಡದಲ್ಲಿ ಬರೆಯಬಹುದು, ಉತ್ತರವೂ ಕನ್ನಡದಲ್ಲಿ ಬರಬೇಕು ಎಂದಿದೆ. ಈ ಹಕ್ಕನ್ನು ನಾವೇ ಬಳಸದೆ ಮಧ್ಯವರ್ತಿಗಳ ಬಾಗಿಲಿಗೆ ಹೋಗುತ್ತೇವೆ. 18 ಸಾವಿರ ಹೋದ ಮೇಲೆ ನಾನು ಮಾಡಿದ್ದು ಇದನ್ನೇ. ಎಕ್ಸೈಸ್ ಇಲಾಖೆಯ ರೇಂಜ್ ಆಫೀಸಿಗೆ ಹೋದೆ, ಅಲ್ಲಿಯ ಅಧಿಕಾರಿ ಕುರ್ಚಿ ಕೊಟ್ಟು ಕೂರಿಸಿ ಅರ್ಧ ಗಂಟೆ ವಿವರಿಸಿದರು. ಅದಕ್ಕಿಂತ ಮೊದಲೇ ಹೋಗಿದ್ದರೆ ಬಸ್ಸಿನ ಟಿಕೇಟಿನಲ್ಲಿ ಮುಗಿಯುತ್ತಿತ್ತು.

ಬಿಳಿ ಕಾಗದದಲ್ಲಿ ಇಷ್ಟು ಬರೆಯಿರಿ: "ನಾನು ಇಂಥ ಪಂಚಾಯತಿನ ಇಂಥ ವಾರ್ಡಿನಲ್ಲಿ ಜೀನಸಂಗಡಿ ನಡೆಸುತ್ತಿದ್ದೇನೆ. ನನ್ನ ಅಂಗಡಿಯಲ್ಲಿ ಬಿಯರ್, ವೈನ್ ಮಾರಲು ಯಾವುದಾದರೂ ಲೈಸನ್ಸ್ ಇದೆಯೇ, ಇದ್ದರೆ ಯಾವ ನಿಯಮದ ಪ್ರಕಾರ, ಶುಲ್ಕ ಎಷ್ಟು ಎಂದು ಕನ್ನಡದಲ್ಲಿ ತಿಳಿಸಬೇಕಾಗಿ ವಿನಂತಿ." ಎರಡು ಪ್ರತಿ ಮಾಡಿ, ಒಂದನ್ನು ನಿಮ್ಮ ಎಕ್ಸೈಸ್ ರೇಂಜ್ ಆಫೀಸಿಗೆ ಕೊಟ್ಟು, ಇನ್ನೊಂದರ ಮೇಲೆ ತಾರೀಕು, ಸೀಲು ಹಾಕಿಸಿಕೊಳ್ಳಿ. 40 ಸಾವಿರ ಕೇಳಿದವರು ಮತ್ತೆ ಬಂದರೆ ಆ ಪ್ರತಿಯನ್ನು ತೋರಿಸಿ, ಉತ್ತರ ಬರಲಿ, ಆಮೇಲೆ ಮಾತಾಡುವ ಅನ್ನಿ. ಉತ್ತರ ಬಂದ ದಿನ ಅದನ್ನು ನಿಮ್ಮ ಭಾವನಿಗೂ ಓದಿ ಹೇಳಿ.