ಅಲುಗುವ ಪೈಲಾನ್: ಬೋಲ್ಟ್ ಬಿಗಿಯುವ ಮೊದಲು ಮರ ನೋಡಿ

ಪ್ರಶ್ನೆ: ನಾವಿರುವುದು ಅಮೆರಿಕದ ಮಿನ್ನೆಸೋಟಾದಲ್ಲಿ. 1984ರ, ಎಂಜಿನ್ ಒಳಗೇ ಇರುವ ಇನ್‌ಬೋರ್ಡ್ ಸ್ಕೀ ಬೋಟ್ ಕೊಂಡಿದ್ದೇವೆ. ಸ್ಕೀ ಹಗ್ಗ ಸಿಕ್ಕಿಸುವ ನಡುಗಂಬ, ಅಂದರೆ ಪೈಲಾನ್, ಕೈಯಲ್ಲಿ ತಳ್ಳಿದರೂ ಅಲುಗುತ್ತದೆ. ಬುಡದ ಸ್ಕ್ರೂಗಳು ಸುಮ್ಮನೆ ತಿರುಗುತ್ತವೆ, ಹಿಡಿಯುವುದಿಲ್ಲ. ಹೊಸ ಪೈಲಾನ್ ತರಿಸಬೇಕೆ?

ಉತ್ತರ: ಈಗಲೇ ಬೇಡ. ಆ ಕಾಲದ ಬಹುತೇಕ ಬೋಟ್‌ಗಳಲ್ಲಿ ಫೈಬರ್‌ಗ್ಲಾಸ್ ಹೊದಿಕೆಯ ಒಳಗೆ ಮರದ ಸ್ಟ್ರಿಂಗರ್ (ತಳದುದ್ದಕ್ಕೂ ಸಾಗುವ ತೊಲೆ), ಪ್ಲೈವುಡ್ ನೆಲ ಇರುತ್ತವೆ. ಸ್ಕ್ರೂ ತೂತಿನಿಂದ ಇಳಿದ ನೀರು ಅಲ್ಲೇ ನಿಂತು ಮರ ಕೊಳೆಯುತ್ತದೆ. ಕೊಳೆತ ಮರಕ್ಕೆ ಇನ್ನೂ ದಪ್ಪ ಸ್ಕ್ರೂ ಹಾಕುವುದು ದುಡ್ಡು ದಂಡ.

ಮೊದಲು ಬ್ಯಾಟರಿ ತಂತಿ ಬಿಚ್ಚಿ. ತಳದಲ್ಲಿ ಪೆಟ್ರೋಲ್ ವಾಸನೆ ಇದ್ದರೆ ಡ್ರಿಲ್ ಮುಟ್ಟಲೇಬೇಡಿ. ಪೈಲಾನ್ ತೆಗೆದು ಅದರ ಬುಡದ ವೆಲ್ಡಿಂಗ್ ನೋಡಿ. ಕೂದಲೆಳೆಯ ಬಿರುಕಿದ್ದರೂ ಅದನ್ನು ಮತ್ತೆ ಬಳಸಬಾರದು. ಹಳೆಯ ಸ್ಟೇನ್‌ಲೆಸ್ ಬೋಲ್ಟ್‌ಗಳನ್ನಂತೂ ಎಸೆದುಬಿಡಿ. ತಲೆ ಫಳಫಳ ಹೊಳೆಯುತ್ತಿದ್ದರೂ, ಗಾಳಿಯಾಡದ ಒದ್ದೆ ಮರದೊಳಗೆ ನಡುಭಾಗ ಸವೆದಿರಬಹುದು.

ಈಗ ಹಳೆಯ ತೂತುಗಳ ಸುತ್ತ 3 ಮಿ.ಮೀ. ಬಿಟ್‌ನಿಂದ ಕೊರೆದು ನೋಡಿ. ಆಳ ಮೀರಿ ಬೋಟಿನ ತಳಕ್ಕೆ ತೂತಾಗದಂತೆ ಬಿಟ್‌ಗೆ ಟೇಪ್ ಸುತ್ತಿ ಗುರುತು ಮಾಡಿಕೊಳ್ಳಿ. ಒಣ, ತಿಳಿಬಣ್ಣದ ಪುಡಿ ಬಂದರೆ ಹಾನಿ ತೂತಿಗಷ್ಟೇ ಸೀಮಿತ. ಹಾಗಿದ್ದರೆ ತೂತನ್ನು 16 ಮಿ.ಮೀ.ಗೆ ಹಿಗ್ಗಿಸಿ, ಒಳಗೋಡೆಗೆ ತೆಳು ಎಪಾಕ್ಸಿ (ಎರಡು ದ್ರವ ಬೆರೆಸಿದಾಗ ಗಟ್ಟಿಯಾಗುವ ಅಂಟು) ಬಳಿದು, ಸಿಲಿಕಾ ಪುಡಿ ಕಲಸಿದ ಗಟ್ಟಿ ಎಪಾಕ್ಸಿ ತುಂಬಿ. ಪೂರ್ತಿ ಗಟ್ಟಿಯಾದ ಮೇಲೆ ನಟ್ಟನಡುವೆ 10 ಮಿ.ಮೀ. ಕೊರೆಯಿರಿ. ಬೋಲ್ಟ್ ಇನ್ನು ಮರವನ್ನು ಮುಟ್ಟುವುದಿಲ್ಲ.

ಕಪ್ಪಗೆ, ಒದ್ದೆಯಾಗಿ ಪುಡಿ ಬಂದರೆ ನೆಲ ಕತ್ತರಿಸದೆ ಗತ್ಯಂತರವಿಲ್ಲ. ಒಣಮರ ಸಿಗುವವರೆಗೆ ಕತ್ತರಿಸಿ, ಚೆನ್ನಾಗಿ ಆರಲು ಬಿಡಿ. ಅವಸರಪಟ್ಟು ತೇವವನ್ನು ಒಳಗೇ ಮುಚ್ಚಿದರೆ ಮರ ಕೊಳೆಯುವುದು ಮುಂದುವರಿಯುತ್ತದೆ. 18 ಮಿ.ಮೀ. ಮರೀನ್ ಪ್ಲೈವುಡ್‌ನ ಎರಡು ಹಲಗೆಗಳನ್ನು ಎಪಾಕ್ಸಿಯಲ್ಲಿ ಅಂಟಿಸಿ ಕೂರಿಸಿ. ಸುತ್ತಲ ಹಳೆಯ ಫೈಬರ್‌ಗ್ಲಾಸನ್ನು 10ರಿಂದ 15 ಸೆಂ.ಮೀ. ಅಗಲ ಇಳಿಜಾರಾಗಿ ಉಜ್ಜಿ, ಅದರ ಮೇಲೆ ಹಾಯುವಂತೆ ಬೈಆಕ್ಸಿಯಲ್ ಬಟ್ಟೆ (ಎರಡು ದಿಕ್ಕಿಗೆ ಎಳೆಗಳಿರುವ ಗಾಜುನಾರಿನ ಬಟ್ಟೆ) ಮೂರು ಪದರ ಹಾಕಿ. ಇಲ್ಲಿ ಪಾಲಿಯೆಸ್ಟರ್ ರೆಸಿನ್ ಅಗ್ಗವೇನೋ ಹೌದು, ಆದರೆ ಹಳೆಯ ಪದರಕ್ಕೆ ಎಪಾಕ್ಸಿಯಷ್ಟು ಕಚ್ಚುವುದಿಲ್ಲ.

ಬೋಲ್ಟ್ 316 ದರ್ಜೆಯ ಸ್ಟೇನ್‌ಲೆಸ್ ಆಗಿರಲಿ. ಕೈ ಹೋಗುವ ಕಡೆಯಲ್ಲೆಲ್ಲ ಆರಪಾರ ಹಾಕಿ, ಅಡಿಯಲ್ಲಿ 10 ಮಿ.ಮೀ. ದಪ್ಪದ ಜಿ-10 (ಗಾಜುನಾರು-ಎಪಾಕ್ಸಿಯ ಗಟ್ಟಿ) ಫಲಕ ಮತ್ತು ಲಾಕ್‌ನಟ್ ಕೊಡಿ. ಬೋಲ್ಟಿನ ಎಳೆಗಳಿಗೆ ಆ್ಯಂಟಿ-ಸೀಜ್ ಎಂಬ ಜಾರುಲೇಪ ಹಚ್ಚದಿದ್ದರೆ ಸ್ಟೇನ್‌ಲೆಸ್ ನಟ್ಟು ಅರ್ಧದಲ್ಲೇ ಕಚ್ಚಿಕೊಂಡು ಕೂರುತ್ತದೆ. ಬುಡದ ಸುತ್ತ ಪಾಲಿಯುರೆಥೇನ್ ಸೀಲಂಟ್ ಬೇಕೇ ಬೇಕು.

ಸ್ಟ್ರಿಂಗರ್ ಉದ್ದಕ್ಕೂ ಕೊಳೆತಿದ್ದರೆ ನುರಿತವರಿಗೆ ಬಿಡಿ. ಎಂಜಿನ್ ಕೂತಿರುವುದೂ ಅದರ ಮೇಲೇ. ದುರಸ್ತಿಯ ನಂತರ ಬೋಟನ್ನು ನೀರಿಗಿಳಿಸಿ, ಎಂಜಿನನ್ನೂ ಪ್ರೊಪೆಲ್ಲರ್ ದಂಡವನ್ನೂ ಜೋಡಿಸುವ ಶಾಫ್ಟ್ ಕಪ್ಲಿಂಗ್‌ನ ಮುಖಗಳ ನಡುವಣ ಸಂದು ಸುತ್ತಲೂ 0.003 ಇಂಚಿಗಿಂತ ಹೆಚ್ಚು ವ್ಯತ್ಯಾಸವಿಲ್ಲದಂತೆ ಹೊಂದಿಸಬೇಕು.

ಪ್ರಶ್ನೆ: ಅದೇ ಬುಡಕ್ಕೆ, ಒಂದೇ ಹಲಗೆಯ ಮೇಲೆ ನಿಂತು ಆಡುವ ವೇಕ್‌ಬೋರ್ಡ್‌ನ ಎತ್ತರದ ಪೈಲಾನ್ ಹಾಕಬಹುದೆ?

ಉತ್ತರ: ಲೆಕ್ಕ ಹಾಕಿ. ಹಗ್ಗದ ಎಳೆತ 200 ಕೆ.ಜಿ. ಎಂದಿಟ್ಟುಕೊಂಡರೆ, 60 ಸೆಂ.ಮೀ. ಎತ್ತರದಲ್ಲಿ ಬುಡದ ಮೇಲಿನ ತಿರುಚುಬಲ 120 ಕೆ.ಜಿ.-ಮೀಟರ್, 2 ಮೀಟರ್ ಎತ್ತರದಲ್ಲಿ 400. ಕಂಬದ ತುದಿಯಿಂದ ಬೋಟಿನ ಮೂತಿಯ ಕೊಂಡಿಗೆ ಬಿಗಿಯುವ ಪಟ್ಟಿಯಿಲ್ಲದೆ ಹಾಕಲೇಬಾರದು. ಪಟ್ಟಿಯಿದ್ದರೂ ಗಾಳಿ ತುಂಬಿದ ಟ್ಯೂಬನ್ನು ಅದಕ್ಕೆ ಕಟ್ಟಬೇಡಿ: ಟ್ಯೂಬ್ ನೀರಿಗೆ ಮೂತಿ ಊರಿದರೆ ಎಳೆತ ಒಮ್ಮೆಲೇ ಹಲವು ಪಟ್ಟು ಏರುತ್ತದೆ.