ದಿನಕ್ಕೆ ಎರಡು ಗಂಟೆ ಎಲ್ಲಿಂದ ತರಲಿ?

ಪ್ರಶ್ನೆ: ನನಗೆ 31 ವರ್ಷ. ತುಮಕೂರಿನಿಂದ ದಿನಾ ರೈಲಿನಲ್ಲಿ ಬೆಂಗಳೂರಿಗೆ ಹೋಗಿ ಬರುತ್ತೇನೆ, ಖಾಸಗಿ ಕಂಪನಿಯಲ್ಲಿ ಅಕೌಂಟ್ಸ್ ಕೆಲಸ. ಮಗ ಒಂದನೇ ಕ್ಲಾಸು. ಕೆಎಎಸ್ ಬರೆಯಬೇಕು ಅನ್ನೋದು ಡಿಗ್ರಿ ಓದುವಾಗಿನಿಂದ ಇರುವ ಆಸೆ. ರಾತ್ರಿ ಹತ್ತೂವರೆಗೆ ಪುಸ್ತಕ ಹಿಡಿದರೆ ನಾಲ್ಕು ಪುಟಕ್ಕೇ ಕಣ್ಣು ಎಳೆಯುತ್ತದೆ. ಬೆಳಗ್ಗೆ ನಾಲ್ಕಕ್ಕೆ ಅಲಾರಂ ಇಟ್ಟು ನೋಡಿದೆ, ಒಂದು ವಾರವೂ ನಡೆಯಲಿಲ್ಲ. ನನಗೆ ಶಿಸ್ತೇ ಇಲ್ಲ ಅನ್ನಿಸುತ್ತಿದೆ. ದಿನಕ್ಕೆ ಎರಡು ಗಂಟೆಯಾದರೂ ಹೇಗೆ ಹೊಂದಿಸಲಿ?
– ಹೆಸರು ಬೇಡ, ತುಮಕೂರು

ಉತ್ತರ: ಶಿಸ್ತಿನ ಮಾತು ಮೊದಲು ಬಿಡಿ. ಬೆಳಗ್ಗೆ ಎದ್ದು ಅಡುಗೆ ಮುಗಿಸಿ, ಮಗನನ್ನು ಸ್ಕೂಲಿಗೆ ರೆಡಿ ಮಾಡಿ, ಡಬ್ಬಿ ಕಟ್ಟಿಕೊಂಡು ದಿನಾ ಅದೇ ಗಾಡಿ ಹಿಡಿಯುವವರಿಗೆ ಶಿಸ್ತಿಲ್ಲ ಅಂದರೆ ಇನ್ಯಾರಿಗಿದೆ ಹೇಳಿ. ನಿಮಗೆ ಇಲ್ಲದಿರುವುದು ಸಮಯ. ಅದನ್ನು ನಿದ್ದೆಯಿಂದ ಕಿತ್ತುಕೊಳ್ಳಲು ನೋಡಿದಿರಿ. ಹನ್ನೊಂದೂವರೆಗೆ ಮಲಗಿ ನಾಲ್ಕಕ್ಕೆ ಎದ್ದರೆ ಸಿಗುವುದು ನಾಲ್ಕೂವರೆ ಗಂಟೆ ನಿದ್ದೆ. ದೊಡ್ಡವರಿಗೆ ಏಳು ಗಂಟೆಯಾದರೂ ಬೇಕು, ಓದಿದ್ದು ತಲೆಯಲ್ಲಿ ಉಳಿಯುವುದಕ್ಕೂ ನಿದ್ದೆಯೇ ಬೇಕು. ಅಲಾರಂ ಬಂದ್ ಮಾಡಿ ಮಲಗಿದ್ದು ನಿಮ್ಮ ಸೋಲಲ್ಲ.

ಹಾಗಾದರೆ ಎಲ್ಲಿಂದ ತೆಗೆಯುವುದು? ಇದಕ್ಕೆ ಉತ್ತರ ಹೇಳದ ಯಾವ ಟೈಮ್‌ಟೇಬಲ್ಲೂ ನಿಲ್ಲುವುದಿಲ್ಲ. ಹೊಸ ಕೆಲಸಕ್ಕೆ ಎರಡು ಗಂಟೆ ಬೇಕು ಅಂದರೆ ಇನ್ನೊಂದು ಕೆಲಸ ಎರಡು ಗಂಟೆ ಬಿಟ್ಟುಕೊಡಬೇಕು, ಅಥವಾ ಇನ್ನೊಬ್ಬರು ಆ ಕೆಲಸ ವಹಿಸಿಕೊಳ್ಳಬೇಕು. ಒಂದು ವಾರ ಬರೆದು ನೋಡಿ. ಚಿಕ್ಕ ನೋಟ್‌ಬುಕ್ಕಿನಲ್ಲಿ ಅರ್ಧ ಗಂಟೆಗೊಂದು ಸಾಲು. 'ಸೊಪ್ಪು ಬಿಡಿಸಿದೆ', 'ಮಗನ ಕಾಪಿರೈಟಿಂಗ್', 'ಸೋಫಾ ಮೇಲೆ ಫೋನ್', ಇಷ್ಟು ಸಾಕು. ಭಾನುವಾರವನ್ನೂ ಬರೆಯಿರಿ, ಉದ್ಯೋಗಕ್ಕೆ ಹೋಗುವ ಹೆಣ್ಣುಮಕ್ಕಳ ಭಾನುವಾರ ಬಟ್ಟೆ, ಕ್ಲೀನಿಂಗು, ಇಡ್ಲಿ ಹಿಟ್ಟಿನಲ್ಲೇ ಮುಗಿದುಹೋಗುತ್ತದೆ. ಇದು ನಿಮ್ಮ ಮನೆಯ ಕತೆ ಮಾತ್ರ ಅಲ್ಲ. ಜನ ದಿನದ ಸಮಯವನ್ನು ಹೇಗೆ ಕಳೆಯುತ್ತಾರೆ ಅಂತ ಕೇಂದ್ರ ಸರ್ಕಾರ 2019ರಲ್ಲಿ ಸಮೀಕ್ಷೆ ಮಾಡಿತ್ತು. ಮನೆಗೆಲಸ ಮಾಡುವವರನ್ನಷ್ಟೇ ಲೆಕ್ಕ ಹಾಕಿದರೂ ಹೆಂಗಸರಿಗೆ ದಿನಕ್ಕೆ ಸರಾಸರಿ 299 ನಿಮಿಷ, ಗಂಡಸರಿಗೆ 97 ನಿಮಿಷ. 2024ರ ಸಮೀಕ್ಷೆಯಲ್ಲಿ ಇದು 289 ಮತ್ತು 88. ಐದು ವರ್ಷ ಕಳೆದರೂ ಅಂತರ ಹೆಚ್ಚುಕಮ್ಮಿ ಅಷ್ಟೇ ಇದೆ, ಹತ್ತಿರ ಹತ್ತಿರ ಮೂರೂವರೆ ಗಂಟೆ. ನೀವು ಕೇಳುತ್ತಿರುವ ಎರಡು ಗಂಟೆ ಇದರೊಳಗೇ ಇದೆ ಅಂತ ನನಗೆ ಅನ್ನಿಸುತ್ತದೆ.

ಆದ್ದರಿಂದ ಮನೆಯವರ ಜೊತೆ ಕೂತು ಮಾತಾಡಿ. 'ಸ್ವಲ್ಪ ಹೆಲ್ಪ್ ಮಾಡಿ' ಅನ್ನಬೇಡಿ, ಅದರಿಂದ ಎರಡು ದಿನ ತರಕಾರಿ ಹೆಚ್ಚಿಕೊಡುತ್ತಾರೆ ಅಷ್ಟೇ, ಏನು ಮಾಡಬೇಕು ಅಂತ ನೆನಪಿಡುವ ಕೆಲಸ ನಿಮ್ಮ ತಲೆಯಲ್ಲೇ ಉಳಿಯುತ್ತದೆ. ಸೋಮವಾರ, ಬುಧವಾರ, ಶುಕ್ರವಾರ ಸಂಜೆ ಎಂಟರಿಂದ ಒಂಬತ್ತೂವರೆವರೆಗೆ ಊಟ, ಪಾತ್ರೆ, ಮಗನ ಹೋಮ್‌ವರ್ಕ್ ಪೂರ್ತಿ ನಿಮ್ಮದು ಅಂತ ದಿನ, ಹೊತ್ತು ಹೇಳಿ ಒಪ್ಪಿಸಿ. ಚಪಾತಿ ದಪ್ಪ ಆಗಲಿ, ಮಗ ಅಕ್ಷರ ಸೊಟ್ಟ ಬರೆಯಲಿ, ರೂಮಿನಿಂದ ಹೊರಗೆ ಬರಬೇಡಿ. ಮೊದಲ ಎರಡು ವಾರ ಕಷ್ಟವಾಗುತ್ತದೆ, ಅವರಿಗಿಂತ ನಿಮಗೇ ಜಾಸ್ತಿ. ಅತ್ತೆಯವರು ಏನಾದರೂ ಅಂದರೆ ಉತ್ತರ ಕೊಡಬೇಕಾದವರು ನಿಮ್ಮ ಯಜಮಾನರು, ನೀವಲ್ಲ.

ಇನ್ನು ರೈಲು. ಬೆಳಗ್ಗೆ ಸೀಟು ಸಿಕ್ಕರೆ ಒಂದು ಗಂಟೆ ಚೆನ್ನಾಗಿ ಸಿಗುತ್ತದೆ. ಆದರೆ ಆ ಗಲಾಟೆಯಲ್ಲಿ ಹೊಸ ಪಾಠ ಶುರುಮಾಡಬೇಡಿ. ಹಿಂದಿನ ದಿನ ಓದಿದ್ದನ್ನು ಪುಸ್ತಕ ಮುಚ್ಚಿ ನೆನಪಿಸಿಕೊಳ್ಳಿ, ಅದರ ಮೇಲಿನ ಪ್ರಶ್ನೆ ಬಿಡಿಸಿ. 2006ರಲ್ಲಿ ಅಮೆರಿಕದಲ್ಲಿ ನಡೆದ ಒಂದು ಪ್ರಯೋಗದಲ್ಲಿ ಮತ್ತೆ ಮತ್ತೆ ಓದಿದವರಿಗೆ ಐದು ನಿಮಿಷದ ನಂತರ ಹೆಚ್ಚು ನೆನಪಿತ್ತು, ವಾರದ ನಂತರ ಕೇಳಿದಾಗ ಮಾತ್ರ ಓದಿದ್ದನ್ನು ನೆನಪಿಸಿಕೊಂಡು ಬರೆದವರೇ ಮುಂದಿದ್ದರು. ಎರಡು ಸಲ ಓದಲು ಪುರುಸೊತ್ತಿಲ್ಲದ ನಿಮ್ಮಂಥವರಿಗೆ ಇದು ತುಂಬಾ ಅನುಕೂಲ. ಸಂಜೆ ನಿಂತೇ ಬರಬೇಕಾದರೆ ಮೊಬೈಲಿನಲ್ಲಿ ಆಕಾಶವಾಣಿಯ ಪ್ರದೇಶ ಸಮಾಚಾರ ಕೇಳಿ, ಇಲ್ಲವೇ ನಿಮ್ಮದೇ ನೋಟ್ಸನ್ನು ಓದಿ ರೆಕಾರ್ಡ್ ಮಾಡಿಟ್ಟುಕೊಂಡು ಕೇಳಿ. ಸುಸ್ತಾಗಿದ್ದರೆ ಸುಮ್ನೆ ಕಣ್ಣು ಮುಚ್ಚಿ, ಪ್ರತಿ ನಿಮಿಷವನ್ನೂ ದುಡಿಸಿಕೊಳ್ಳಬೇಕು ಅಂತೇನಿಲ್ಲ.

ಗುರಿಯನ್ನೂ ಚಿಕ್ಕದು ಮಾಡಿಕೊಳ್ಳಿ. 'ಕೆಎಎಸ್ ಓದಬೇಕು' ಅಂತ ಕೂತರೆ ಎಲ್ಲಿಂದ ಶುರುಮಾಡೋದು ಅನ್ನೋದರಲ್ಲೇ ಅರ್ಧ ಗಂಟೆ ಹೋಗುತ್ತದೆ. ಮೊದಲ ಹಂತದ ಪರೀಕ್ಷೆ ಪ್ರಿಲಿಮ್ಸ್‌ನಲ್ಲಿ ಎರಡು ಪತ್ರಿಕೆ, ತಲಾ 100 ಪ್ರಶ್ನೆ, ಎರಡೆರಡು ಗಂಟೆ, ತಪ್ಪು ಉತ್ತರಕ್ಕೆ ಆ ಪ್ರಶ್ನೆಯ ಅಂಕದ ಕಾಲು ಭಾಗ ಕಳೆಯುತ್ತಾರೆ. ಎರಡನೇ ಪತ್ರಿಕೆಯಲ್ಲಿ ಕರ್ನಾಟಕಕ್ಕೆ ಸಂಬಂಧಿಸಿದ್ದು 40, ವಿಜ್ಞಾನ 30, ಮೆಂಟಲ್ ಎಬಿಲಿಟಿ 30. ದಿನಾ ಲೆಕ್ಕಪತ್ರ ನೋಡುವ ನಿಮಗೆ ಆ ಕೊನೆಯ 30 ಬೇಗ ಕೈಗೆ ಹತ್ತುತ್ತದೆ, ಅಲ್ಲಿಂದಲೇ ಶುರುಮಾಡಿ. ಈ ವಾರ ಶೇಕಡಾವಾರು, ಮುಂದಿನ ವಾರ ಅನುಪಾತ, ಹೀಗೆ. ಭಾನುವಾರ ಬೆಳಗ್ಗೆ ಎರಡು ಗಂಟೆ ಮನೆಯಿಂದ ಹೊರಗೆ, ಸಾರ್ವಜನಿಕ ಗ್ರಂಥಾಲಯದಲ್ಲಿ ಗಡಿಯಾರ ಇಟ್ಟುಕೊಂಡು ಒಂದು ಹಳೇ ಪ್ರಶ್ನೆಪತ್ರಿಕೆ ಬಿಡಿಸಿ. ಮನೆಯಲ್ಲಿ ಬಾಗಿಲು ಹಾಕಿಕೊಂಡರೂ 'ಅಮ್ಮಾ' ಅನ್ನುವ ಕೂಗು ಒಳಗೆ ಬಂದೇ ಬರುತ್ತದೆ.

ಪರೀಕ್ಷೆಯ ದಿನಾಂಕ ನಂಬಿಕೊಂಡು ಓದಬೇಡಿ. 384 ಹುದ್ದೆಗಳಿಗೆ 2024ರ ಫೆಬ್ರವರಿಯಲ್ಲಿ ಅಧಿಸೂಚನೆ ಬಂತು, ಆಗಸ್ಟ್‌ನಲ್ಲಿ ನಡೆದ ಪ್ರಿಲಿಮ್ಸ್ ಅನ್ನು ಡಿಸೆಂಬರ್ 29ಕ್ಕೆ ಮತ್ತೆ ನಡೆಸಿದರು. ಕೆಲಸಕ್ಕೆ ಹೋಗುವವರು ಕೊನೇ ಮೂರು ತಿಂಗಳು ರಜೆ ಹಾಕಿ ಓದುತ್ತೇನೆ ಅಂದುಕೊಂಡರೆ ಇಂಥ ಏರುಪೇರಿನಲ್ಲಿ ರಜೆಯೂ ಹೋಗುತ್ತದೆ, ಓದೂ ಹೋಗುತ್ತದೆ.

ಪ್ರಶ್ನೆ: ಡಿಗ್ರಿ ಕಾಲೇಜಿನಲ್ಲಿ ಅತಿಥಿ ಉಪನ್ಯಾಸಕ. ಪಿಎಚ್‌ಡಿ ಪ್ರಬಂಧದ ಎರಡು ಅಧ್ಯಾಯ ಬಾಕಿ ಇವೆ. ಪ್ರತಿದಿನ ಬೆಳಗ್ಗೆ ಹತ್ತು-ಹನ್ನೆರಡು ಕೆಲಸದ ಪಟ್ಟಿ ಬರೆಯುತ್ತೇನೆ, ರಾತ್ರಿ ನೋಡಿದರೆ ಮೂರು ಮುಗಿದಿರುತ್ತವೆ. ಪ್ರಬಂಧ ಮುಟ್ಟಿರುವುದೇ ಇಲ್ಲ.
– ಓದುಗ, ಧಾರವಾಡ

ಉತ್ತರ: ನಿಮ್ಮ ಅಂದಾಜು ತಪ್ಪಾಗುತ್ತಿದೆ, ಅದು ಎಲ್ಲರಿಗೂ ಆಗುತ್ತದೆ. ಪ್ರಬಂಧ ಮುಗಿಸುವ ಹಂತದಲ್ಲಿದ್ದ ವಿದ್ಯಾರ್ಥಿಗಳನ್ನು ಎಷ್ಟು ದಿನ ಬೇಕು ಅಂತ ಕೇಳಿದ 1994ರ ಒಂದು ಅಧ್ಯಯನ ಇದೆ. ಸರಾಸರಿ 34 ದಿನ ಅಂದರು, ತಗೊಂಡಿದ್ದು 55 ದಿನ. ಹಿಂದೆ ಎಷ್ಟು ಸಲ ತಡವಾಗಿತ್ತು ಅಂತ ಗೊತ್ತಿದ್ದರೂ ಈ ಸಲ ಹಾಗಾಗಲ್ಲ ಅಂದುಕೊಳ್ಳುವುದು ಮನುಷ್ಯನ ಸ್ವಭಾವ. ಹಾಗಾಗಿ ಪಟ್ಟಿಯಲ್ಲಿ ಮೂರೇ ಕೆಲಸ ಬರೆಯಿರಿ, ಹೇಗೂ ಆಗುವುದು ಅಷ್ಟೇ ಅಂತ ನೀವೇ ಬರೆದಿದ್ದೀರಿ. ಮೂರರಲ್ಲಿ ಮೊದಲನೆಯದು ಪ್ರಬಂಧ. ಅದಕ್ಕೂ 'ಮೂರನೇ ಅಧ್ಯಾಯ' ಅಂತ ಬರೆಯಬೇಡಿ, 'ಕ್ಷೇತ್ರಕಾರ್ಯದ ಟೇಬಲ್‌ಗೆ ಎರಡು ಪ್ಯಾರಾ ವಿವರಣೆ' ಅಂತ ಬರೆಯಿರಿ. ಕಾಲೇಜಿಗೆ ಹೋಗುವ ಮುಂಚೆ, ವಾಟ್ಸಾಪ್ ತೆರೆಯುವ ಮುಂಚೆ ಆ ಎರಡು ಪ್ಯಾರಾ. ಉಳಿದ ಒಂಬತ್ತು ಕೆಲಸ ಏನಾಗಬೇಕು ಅನ್ನುತ್ತೀರಾ? ಕೆಲವನ್ನು ಇಲ್ಲ ಅನ್ನಬೇಕಾಗುತ್ತದೆ. ಬೇರೆಯವರ ವಿಚಾರ ಸಂಕಿರಣಕ್ಕೆ ಆಹ್ವಾನ ಪತ್ರಿಕೆ ತಿದ್ದಿಕೊಡುವುದು, ನಿರೂಪಣೆಗೆ ನಿಲ್ಲುವುದು ಈ ವರ್ಷದ ಮಟ್ಟಿಗೆ ಬಿಡಿ. ಕೆಲಸದ ಭದ್ರತೆ ಇಲ್ಲದವರಿಗೆ ಇಲ್ಲ ಅನ್ನುವುದು ಎಷ್ಟು ಕಷ್ಟ ಅಂತ ಗೊತ್ತು. ಆದರೆ ಪದವಿ ಕೈಗೆ ಬಂದರೆ ನಾಳೆ ನಿಮಗೇ ಆಸರೆ.

ಪ್ರಶ್ನೆ: ವಯಸ್ಸು 52, ಶುಗರ್ ಇದೆ. ಬೆಳಗ್ಗೆ ಅರ್ಧ ಗಂಟೆ ವಾಕಿಂಗ್ ಚೆನ್ನಾಗಿ ನಡೆದಿತ್ತು. ಮಳೆಗಾಲ ಶುರುವಾಯಿತು, ನಾಲ್ಕು ದಿನ ತಪ್ಪಿತು, ಆಮೇಲೆ ಹೋಗಲೇ ಇಲ್ಲ.
– ಓದುಗರು, ಉಡುಪಿ

ಉತ್ತರ: ನಾಲ್ಕು ದಿನ ತಪ್ಪಿದ್ದಕ್ಕೆ ಎಲ್ಲ ಮುಗಿಯಿತು ಅಂದುಕೊಂಡಿರಲ್ಲ, ತೊಂದರೆ ಆಗಿದ್ದು ಅದರಿಂದ. ಲಂಡನ್ನಿನ ಒಂದು ಅಧ್ಯಯನದಲ್ಲಿ ಹೊಸ ಅಭ್ಯಾಸ ತಾನಾಗಿ ನಡೆಯಲು ಸರಾಸರಿ 66 ದಿನ ಬೇಕಾಯಿತು, ಕೆಲವರಿಗೆ 18, ಇನ್ನು ಕೆಲವರಿಗೆ ಎಂಟು ತಿಂಗಳ ಅಂದಾಜು. ನಡುವೆ ಒಂದು ದಿನ ತಪ್ಪಿದರೆ ಹೇಳಿಕೊಳ್ಳುವಂಥ ನಷ್ಟವೇನೂ ಆಗಲಿಲ್ಲ. ಕರಾವಳಿಯಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮಳೆ ಬಂದೇ ಬರುತ್ತದೆ, ಆ ತಿಂಗಳುಗಳಿಗೆ ಬೇರೆ ಏರ್ಪಾಡು ಮೊದಲೇ ಇರಲಿ. ಅರ್ಧ ಗಂಟೆಯನ್ನು ಮೂರು ಪಾಲು ಮಾಡಿ, ತಿಂಡಿ, ಮಧ್ಯಾಹ್ನದ ಊಟ, ರಾತ್ರಿ ಊಟ ಆದ ಮೇಲೆ ಹತ್ತತ್ತು ನಿಮಿಷ ಮನೆಯೊಳಗೆ, ಜಗಲಿಯಲ್ಲಿ ನಡೆಯಿರಿ. ಊಟದ ನಂತರ ಏರುವ ಶುಗರ್ ತಗ್ಗಲು ಇದು ಒಳ್ಳೆಯದು. ರಾತ್ರಿಯ ಹತ್ತು ನಿಮಿಷ ಸೀರಿಯಲ್ಲಿನಿಂದ ತೆಗೆಯಿರಿ. ಬೇಕಾದರೆ ಟಿವಿ ಹಾಕಿಕೊಂಡೇ ನಡೆಯಿರಿ, ಕೂರಬೇಡಿ ಅಷ್ಟೇ. ಶುಗರಿಗೆ ಮಾತ್ರೆ ಅಥವಾ ಇನ್ಸುಲಿನ್ ತಗೊಳ್ಳುತ್ತಿದ್ದರೆ, ಮಳೆ ನಿಂತ ಮೇಲೆ ಖಾಲಿ ಹೊಟ್ಟೆಯಲ್ಲಿ ಹೊರಡುವ ಮುಂಚೆ ನಿಮ್ಮ ಡಾಕ್ಟರನ್ನು ಒಂದು ಮಾತು ಕೇಳಿ.