ಓಕ್ ಮೊಗ್ಗು ಒಡೆಯುವ ಮೊದಲೇ ಮೊಟ್ಟೆ ಒಡೆದರೆ

ಪ್ರಶ್ನೆ: ಇಂಗ್ಲೆಂಡಿನಲ್ಲಿದ್ದೇನೆ. ಡಿಸೆಂಬರಿನಲ್ಲಿ ಗಾಳಿಗೆ ಮುರಿದುಬಿದ್ದ ಓಕ್ ರೆಂಬೆಯಲ್ಲಿ ಪರ್ಪಲ್ ಹೇರ್‌ಸ್ಟ್ರೀಕ್ ಚಿಟ್ಟೆಯ ಎರಡು ಮೊಟ್ಟೆ ಸಿಕ್ಕವು. ರೆಂಬೆಯನ್ನು ನೀರಿನ ಲೋಟದಲ್ಲಿ ಮನೆಯೊಳಗೆ ಇಟ್ಟೆ. ಜನವರಿಯಲ್ಲೇ ಮರಿಗಳು ಹೊರಬಂದು ಸತ್ತವು. ಬೇಸಿಗೆಯಲ್ಲಿ ಅದೇ ಮರದಲ್ಲಿ ಒಂದು ಚಿಟ್ಟೆಯನ್ನೂ ಕಂಡಿರಲಿಲ್ಲ. ಏಕೆ?

ಉತ್ತರ: ಕೊಂದದ್ದು ಕೋಣೆಯ ಬಿಸಿ. ಬೇಸಿಗೆಯ ಕೊನೆಗೆ ಇಟ್ಟ ಮೊಟ್ಟೆಯೊಳಗೆ ಮರಿಹುಳು ಚಳಿಗಾಲಕ್ಕೆ ಮೊದಲೇ ಪೂರ್ತಿ ಬೆಳೆದಿರುತ್ತದೆ. ಆದರೂ ಹೊರಬರದೆ ಏಪ್ರಿಲ್‌ವರೆಗೆ ಚಿಪ್ಪಿನಲ್ಲೇ ಕಾಯುತ್ತದೆ. ಆಗ ಮೊಗ್ಗು ಉಬ್ಬಿ ಮೆತ್ತಗಾಗಿರುತ್ತದೆ. ಹುಳು ಅದನ್ನು ಕೊರೆದು ಒಳಸೇರುತ್ತದೆ. ನಿಮ್ಮ ಮನೆಯ ಬಿಸಿಗೆ ಹುಳು ವಸಂತ ಬಂತೆಂದು ಮೋಸಹೋಯಿತು, ಮೊಗ್ಗು ಮಾತ್ರ ಇನ್ನೂ ಗಟ್ಟಿಯಾಗಿ ಮುಚ್ಚಿಕೊಂಡಿತ್ತು. ಮರಿಗಳು ಸತ್ತದ್ದು ಹಸಿವಿನಿಂದ.

ಮುಂದೆ ಇಂಥ ರೆಂಬೆ ಸಿಕ್ಕರೆ ಹೊರಗೆ, ಬಿಸಿಲು ಬೀಳದ ಕಡೆ ಇಡಿ. ಊರಿನ ಓಕ್ ಮೊಗ್ಗುಗಳು ಉಬ್ಬಿದ ಮೇಲೆಯೇ ಹೊಸ ಚಿಗುರಿನ ಜೊತೆ ಒಳಗೆ ತನ್ನಿ. ನೀರಿನ ಸೀಸೆಯ ಬಾಯಿಗೆ ಹತ್ತಿ ತುರುಕಿ, ಇಲ್ಲದಿದ್ದರೆ ಹುಳು ಕಾಂಡದಗುಂಟ ಇಳಿದು ಮುಳುಗುತ್ತದೆ. ದೊಡ್ಡದಾದ ಹುಳು ಹಗಲಿಡೀ ಮೊಗ್ಗಿನ ಉದುರುಹೊಟ್ಟನ್ನು ರೇಷ್ಮೆ ಎಳೆಯಿಂದ ಹೆಣೆದು ಅದರಡಿ ಅಡಗಿರುತ್ತದೆ, ಮೇಯುವುದು ರಾತ್ರಿ. ಕಾಣಲಿಲ್ಲವೆಂದು ಹಳೆಯ ರೆಂಬೆ ಎಸೆಯಬೇಡಿ; ಹುಳು ಅದರಲ್ಲೇ ಇರಬಹುದು.

ಮೊಟ್ಟೆ ಹುಡುಕಲು ಎಲೆ ಉದುರಿದ ಕಾಲವೇ ಒಳ್ಳೆಯದು. ದಕ್ಷಿಣಕ್ಕೆ ಮುಖಮಾಡಿದ, ಬಿಸಿಲು ಬೀಳುವ ಕೊಂಬೆಗಳಲ್ಲಿ ದಪ್ಪ ಮೊಗ್ಗುಗಳ ಬುಡ ನೋಡಿ. ಬೂದುಬಿಳಿ ಬಣ್ಣದ, ಮೇಲೆ ತಟ್ಟಿದಂತೆ ಚಪ್ಪಟೆಯಾದ, ಒಂದು ಮಿಲಿಮೀಟರಿಗಿಂತ ಕಿರಿದಾದ ಗುಂಡು ಅದು. ಭೂತಗನ್ನಡಿಯಲ್ಲಿ ಮೈತುಂಬ ಸಣ್ಣ ಮುಳ್ಳು ಕಾಣುತ್ತವೆ.

ಚಿಟ್ಟೆ ಕಾಣದ್ದಕ್ಕೆ ಮರದಲ್ಲಿ ಅದು ಇಲ್ಲವೆಂದು ತಿಳಿಯಬೇಡಿ. ಗಿಡಹೇನು ಎಲೆಯ ಮೇಲೆ ಒಸರಿಸುವ ಸಿಹಿ ಅಂಟು ನೆತ್ತಿಯಲ್ಲೇ ಸಿಗುವಾಗ ಹೂವಿಗಾಗಿ ಇಳಿಯುವ ಗೊಡವೆ ಅದಕ್ಕಿಲ್ಲ. ಒಂಟಿ ಓಕ್ ಮರವೊಂದರಲ್ಲೂ ಸಂಸಾರ ನಡೆದೀತು. ಜುಲೈ, ಆಗಸ್ಟಿನ ಬೆಚ್ಚನೆಯ ಸಂಜೆ ಆರರ ಮೇಲೆ ದುರ್ಬೀನು ಹಿಡಿದು ಮರದ ತುದಿ ನೋಡಿ. ಬೆಳ್ಳಿಯಂತೆ ಮಿನುಗಿ ಸುತ್ತುವುದು ಅದೇ. ಆ ಮಿನುಗು ರೆಕ್ಕೆಯ ಕೆಳಮೈಯದು. ನೇರಳೆ ಬಣ್ಣ ಮೇಲ್ಮೈಯಲ್ಲಿದೆ.

ಇನ್ನೊಂದು ಮಾತು, ಮೇ ಕೊನೆಯಿಂದ ಮರದಡಿಯ ತರಗೆಲೆ ಗುಡಿಸಬೇಡಿ. ಹುಳು ಇಳಿದು ಅಲ್ಲೇ, ಕೆಲವೊಮ್ಮೆ ಇರುವೆಗೂಡಿನೊಳಗೂ, ಪ್ಯೂಪಾ (ಚಿಟ್ಟೆಯಾಗುವ ಮುಂಚಿನ ಕೋಶ) ಆಗುತ್ತದೆ. ಆ ಪ್ಯೂಪಾ ಸಣ್ಣಗೆ ಕಿರುಗುಟ್ಟುತ್ತದೆ, ಇರುವೆಗಳನ್ನು ಸೆಳೆಯಲೆಂದು.